ಅತ್ತೆ ನೋಡಿದ ಬಣ್ಣ

ನನ್ನ ಕೈಚೀಲವನ್ನು ತಲೆಕೆಳಗು ಮಾಡಿ ಕೊಡವಿದರೆ ಏನೇನು ಬೀಳುತ್ತದೆಂದು ನನ್ನ ಹಳೆಯ ಶಿಷ್ಯರನ್ನು ಕೇಳಿ, ಪಟ್ಟಿ ಕೊಡುತ್ತಾರೆ. ಎರಡು ಏಲಕ್ಕಿ, ಕಡ್ಡಿ ಮುರಿದ ಕನ್ನಡಕ, ಯಾರದೋ ಮನೆಯ ಅರಿಶಿನ ಕುಂಕುಮದಲ್ಲಿ ಕೊಟ್ಟ ಅಡಿಕೆ, ಸೀಮೆಸುಣ್ಣದ ಚೂರುಗಳು. ಶಿಕಾರಿಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾಗಿ ನಾಲ್ಕು ವರ್ಷವಾಯಿತು. ಈ ಸೀಮೆಸುಣ್ಣ ಇನ್ನೂ ಎಲ್ಲಿಂದ ಹುಟ್ಟುತ್ತದೋ ತಿಳಿಯದು. ಮೊನ್ನೆ ಸೊರಬದ ಬಸ್ಸಿನಲ್ಲಿ ಆಧಾರ್ ಕಾರ್ಡಿಗಾಗಿ ತಡಕಾಡುತ್ತಿದ್ದಾಗ ಬೆರಳಿಗೆ ಬಟ್ಟೆಯ ಚೂರೊಂದು ಸಿಕ್ಕಿತು. ಅಂಗೈಯಗಲದ ರವಿಕೆ ಬಟ್ಟೆ, ಕಣ್ಣಿಗೆ ಹೊಡೆಯುವಂಥ ನೀಲಿ. ಪಕ್ಕದಲ್ಲಿ ಕೂತಿದ್ದ ಹೆಂಗಸಿಗೆ ತಡೆಯಲಾಗಲಿಲ್ಲ.

"ಮ್ಯಾಚಿಂಗಿಗಾ ಅಕ್ಕಾ?"

"ಹೌದು."

"ಸೀರೆ ಯಾವ್ದು?"

ಸೀರೆಯಲ್ಲ, ಕಾರು ಎಂದಿದ್ದರೆ ಆಕೆ ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದಳು. ಹಾಗಾಗಿ ಇಲ್ಲದ ಸೀರೆಯೊಂದನ್ನು ಸೆರಗು, ಅಂಚಿನ ಸಮೇತ ಶಿರಾಳಕೊಪ್ಪ ಬರುವ ತನಕ ವರ್ಣಿಸಿದೆ. ನಿಮಗೆ ಮಾತ್ರ ನಿಜ ಹೇಳುತ್ತೇನೆ.

ಕಾರೆಂದರೆ ಈಗಿನ ಕಾರಲ್ಲ. ಇಂಗ್ಲೆಂಡಿನಲ್ಲಿ ಹುಟ್ಟಿದ್ದು. ಎರಡೇ ಸೀಟು, ಉದ್ದ ಮೂತಿ, ರಸ್ತೆಯಲ್ಲಿ ಕಲ್ಲು ಕಂಡರೆ ಹೊಟ್ಟೆ ತರಚಿಕೊಳ್ಳುವಷ್ಟು ಗಿಡ್ಡ. ಮೇಲೆ ಸೂರಿಲ್ಲ. ಚಿಕ್ಕಮಗಳೂರಿನ ಕಡೆ ಕಾಫಿ ತೋಟದಲ್ಲಿದ್ದ ಇಂಗ್ಲಿಷ್ ಮ್ಯಾನೇಜರನೊಬ್ಬ ಗಂಟುಮೂಟೆ ಕಟ್ಟಿ ಊರಿಗೆ ಹೊರಟಾಗ ನನ್ನ ಸೋದರಮಾವ ಅದನ್ನು ಕೊಂಡು ತಂದರು. ಮಾವನದು ಸೊರಬದಲ್ಲಿ ಅಕ್ಕಿ ಗಿರಣಿ. ಗಿರಣಿಯವನಿಗೆ ಎರಡು ಸೀಟಿನ ಕಾರು ಯಾತಕ್ಕೆ ಎಂದು ಊರಿಗೆ ಊರೇ ಕೇಳಿತಂತೆ. ನಮ್ಮಜ್ಜಿ ಕೇಳಿದ್ದು ಇನ್ನೂ ನೇರವಾಗಿ: "ಮಳೆ ಬಂದ್ರೆ ಎಂತ ಮಾಡ್ತೀಯೋ?"

ಮಳೆ ಬಂದರೆ ಕೊಡೆ ಬಿಚ್ಚುತ್ತಿದ್ದರು. ತಮಾಷೆಯಲ್ಲ. ಬೇಸಿಗೆ ರಜೆಗೆ ಸೊರಬಕ್ಕೆ ಹೋದಾಗ ಸೀಟುಗಳ ಹಿಂದಿನ ಸಂದಿಯಲ್ಲಿ, ಪೆಟ್ಟಿಗೆ ಇಡುವ ಜಾಗದಲ್ಲಿ, ನನ್ನನ್ನು ಕಾಲು ಮಡಚಿ ಇಡುತ್ತಿದ್ದರು. ಬಳ್ಳಿಗಾವಿಯ ದೇವಸ್ಥಾನಗಳನ್ನು ನಾನು ಮೊದಲು ನೋಡಿದ್ದು ಮಾವನ ಬಲ ಕಿವಿ ಮತ್ತು ಅತ್ತೆಯ ತುರುಬಿನ ನಡುವಿನಿಂದ. ಮೇ ತಿಂಗಳ ಅಡ್ಡಮಳೆ ಹೊಡೆದರೆ ಮಾವ ಎತ್ತಿನಗಾಡಿಯ ವೇಗಕ್ಕೆ ಇಳಿಯುತ್ತಿದ್ದರು, ಅತ್ತೆ ಕೊಡೆ ಬಿಚ್ಚಿ ಮಾವನ ತಲೆಯ ಮೇಲೆ ಹಿಡಿಯುತ್ತಿದ್ದರು. ತಮಗೆ ಹಿಡಿದುಕೊಂಡದ್ದನ್ನು ನಾನು ನೋಡಿಲ್ಲ. ಕೊಡೆಯ ನೀರೆಲ್ಲ ಹಿಂದೆ ನನ್ನ ಕತ್ತಿಗೆ ಇಳಿಯುತ್ತಿತ್ತು. ಎದುರಿಗೆ ಎಮ್ಮೆ ಬಂದರೆ ಮಾವ ಹಾರ್ನ್ ಒತ್ತುತ್ತಿದ್ದರು. ಎಮ್ಮೆ ನಿಂತು, ಹಾರ್ನ್ ಮುಗಿಯುವ ತನಕ ಕೇಳಿ, ಆಮೇಲೆ ಸಾವಕಾಶವಾಗಿ ಹೋಗುತ್ತಿತ್ತು.

ಮಾವ ಹೋಗಿ ಎಂಟು ವರ್ಷವಾಯಿತು. ಕಾರು ಅದಕ್ಕೂ ಮೊದಲೇ ಗಿರಣಿಯ ಹಿಂದಿನ ಶೆಡ್ಡಿನಲ್ಲಿ ಭತ್ತದ ಹೊಟ್ಟಿನೊಳಗೆ ಮುಳುಗಿತ್ತು. ಈಗ ಗಿರಣಿ ನಡೆಸುವವನು ಅತ್ತೆಯ ಮಗ ರಘು. ಅಕ್ಕಿಯ ಬಣ್ಣ ನೋಡಿ ಕಪ್ಪು ಕಾಳು ಹೆಕ್ಕಿ ಎಸೆಯುವ ಹೊಸ ಯಂತ್ರ ಬರುವುದಿತ್ತು, ಅದಕ್ಕೆ ಆ ಶೆಡ್ಡು ಬೇಕಿತ್ತು. ಕಾರನ್ನು ಗುಜರಿಗೆ ಹಾಕುತ್ತೇನೆಂದ. ಊಟಕ್ಕೆ ಕೂತಿದ್ದ ನಾನು ತುತ್ತು ಬಾಯಲ್ಲಿಟ್ಟುಕೊಂಡೇ "ನಾನು ರಿಪೇರಿ ಮಾಡಿಸ್ತೀನಿ, ಇಂಗ್ಲೆಂಡಿಂದ ಹೊರಟಾಗ ಹೆಂಗಿತ್ತೋ ಹಂಗೆ ನಿಲ್ಲಿಸ್ತೀನಿ" ಎಂದುಬಿಟ್ಟೆ. ನಿವೃತ್ತ ಮೇಷ್ಟ್ರುಗಳಿಗೆ ಇದೊಂದು ಕಾಯಿಲೆ. ಕೇಳುವವರು ನಾಲ್ಕು ಜನ ಕೂತಿದ್ದರೆ ಸಾಕು, ಬಾಯಿ ತಾನಾಗಿ ತೆರೆಯುತ್ತದೆ.

ಎಂಜಿನ್ನಿನ ಪಾಠವನ್ನು ನಾನು ಎಷ್ಟು ವರ್ಷ ಮಾಡಿಲ್ಲ! ಕಣ್ಣು ಮುಚ್ಚಿಕೊಂಡು ಬೋರ್ಡಿನ ಮೇಲೆ ಪಿಸ್ಟನ್ ಬರೆಯುತ್ತಿದ್ದೆ. ಶಿಕಾರಿಪುರದಿಂದ ಟ್ರ್ಯಾಕ್ಟರ್ ಮೆಕ್ಯಾನಿಕ್ಕನ್ನು ಕರೆತಂದ ದಿನ, ಬಾನೆಟ್ಟು ಎತ್ತಿದ ಕೂಡಲೇ ಗಂಭೀರವಾಗಿ "ಇದರಲ್ಲಿ ಪಿಸ್ಟನ್ ಎಲ್ಲಿದೆ?" ಎಂದು ಕೇಳಿದೆ.

"ಒಳಗೈತ್ರಿ ಮೇಡಂ," ಎಂದ.

ಅವನ ಸ್ಪಾನರುಗಳು ಒಂದೂ ಕೂರಲಿಲ್ಲ. ಅವೆಲ್ಲ ಮಿಲಿಮೀಟರಿನವು, ಕಾರಿನ ನಟ್ಟುಗಳು ಇಂಚಿನವು. ಈಸೂರಿನಲ್ಲಿ ಯಾರದೋ ಹಳೆಯ ಜೀಪಿನ ಜೊತೆ ಬಂದಿದ್ದ ಸ್ಪಾನರ್ ಚೀಲವನ್ನು ಬೇಡಿ ತಂದೆವು. ಬ್ಯಾಟರಿಯ ವಿಷಯದಲ್ಲಿ ಮಾತ್ರ ನಾನು ಗೆದ್ದೆ. ನಮ್ಮ ಗಾಡಿಗಳಲ್ಲಿ ನೆಗೆಟಿವ್ ತಂತಿಯನ್ನು ಕಬ್ಬಿಣದ ಮೈಗೆ ಕೊಟ್ಟಿರುತ್ತಾರೆ. ಆ ಇಂಗ್ಲಿಷರು ಪಾಸಿಟಿವ್ ಕೊಟ್ಟಿದ್ದರು. ಅದನ್ನು ಆ ಕಾರಿನ ಬಗ್ಗೆ ತರಿಸಿಕೊಂಡಿದ್ದ ಪುಸ್ತಕ ನೋಡಿ ನಾನು ಹೇಳಿದೆ. ಮೆಕ್ಯಾನಿಕ್ಕು ಅವತ್ತಿನಿಂದ ನನಗೂ ಒಂದು ಲೋಟ ಟೀ ತರಿಸತೊಡಗಿದ. ಐದು ತಿಂಗಳ ಮೇಲೆ ಎಂಜಿನ್ ಕೆಮ್ಮಿ, ಸೀನಿ, ಒಂದು ಬುಟ್ಟಿ ಹೊಟ್ಟನ್ನು ಹೊಗೆಕೊಳವೆಯಿಂದ ಉಗುಳಿ ಸ್ಟಾರ್ಟ್ ಆಯಿತು. ಗಿರಣಿಯ ಹಮಾಲರೆಲ್ಲ ಚಪ್ಪಾಳೆ ಹೊಡೆದರು.

"ಇನ್ನು ಬಣ್ಣ ಒಂದು," ಎಂದೆ ಅತ್ತೆಗೆ. "ಮೊದಲಿನ ಹಾಗೇ ಕೆಂಪಗೆ ಫಳಫಳ."

ಅತ್ತೆಗೆ ಎಂಬತ್ತು. ಯಾವುದಕ್ಕೂ ಬೇಡ ಎಂದವರಲ್ಲ. ಅವತ್ತು ರಘು ಆಚೆ ಹೋಗುವುದನ್ನೇ ಕಾದು, "ಕೆಂಪು ಬೇಡ ಕಣೇ ಪದ್ದೀ" ಎಂದರು.

"ಯಾಕತ್ತೆ?"

"ನನ್ನನ್ನ ನೋಡಕ್ಕೆ ನಮ್ಮೂರು ಜಡೆಗೆ ಬಂದಾಗ ಇದು ಕೆಂಪಿರ್ಲಿಲ್ಲ. ಪಂಚೆಗೆ ನೀಲಿ ಹಾಕುವಾಗ ಕೈ ಜಾರಿ ಒಂದು ಚೂರು ಜಾಸ್ತಿ ಬಿದ್ರೆ ಹೆಂಗಿರ್ತದೆ, ಹಂಗಿತ್ತು. ಅಡುಗೆಮನೆ ಕಿಟಕಿಯಿಂದ ನೋಡ್ದೆ. ಅಷ್ಟು ಚಂದದ ವಸ್ತು ನಮ್ಮೂರಿಗೆ ಬಂದಿದ್ದೇ ಇಲ್ಲ. ಉಪ್ಪಿಟ್ಟು ತಗಂಡು ಹೋಗಿ ಕೊಟ್ಟೆ, ಯಾರಿಗೆ ಕೊಟ್ಟೆ ಅಂತ ದೇವ್ರಾಣೆ ಗೊತ್ತಿಲ್ಲ. ಜೀವ ಎಲ್ಲ ಕಿಟಕಿ ಹತ್ರ."

ವರ ಇಡೀ ಹೊತ್ತು ಹುಡುಗಿಯನ್ನೂ ಹುಡುಗಿ ಇಡೀ ಹೊತ್ತು ಕಾರನ್ನೂ ನೋಡಿ ಒಪ್ಪಿದ ಮದುವೆ ಅದು. ಆದರೆ ನಮ್ಮಜ್ಜಿಗೆ ಆ ಬಣ್ಣ ಹಿಡಿಸಲಿಲ್ಲ. ಬೂದಿ ಬಳಿದ ಹಾಗಿರುವ ಗಾಡಿಯಲ್ಲಿ ಮದುಮಗಳನ್ನು ಮನೆ ತುಂಬಿಸಿಕೊಳ್ಳುವುದುಂಟೆ ಎಂದು ಹಟ ಹಿಡಿದಳು. ಸೊರಬದಲ್ಲಿ ಎತ್ತಿನಗಾಡಿಗಳಿಗೆ ಬಣ್ಣ ಹೊಡೆಯುತ್ತಿದ್ದ ಸಾಬರನ್ನು ಕರೆಸಿ ಕುಂಕುಮಗೆಂಪು ಮಾಡಿಸಿದರು. ಮದುವೆ ಮುಗಿಸಿ ಜಡೆಯಿಂದ ಹೊರಟಾಗ ಅತ್ತೆಗೆ ಗಂಡೇ ಬದಲಾದನೇನೋ ಎಂದು ಗಾಬರಿಯಾಯಿತಂತೆ. ದಾರಿಯಲ್ಲಿ ಮಾವ "ಬಣ್ಣ ಹೆಂಗಿದೆ?" ಎಂದು ಕೇಳಿದರು. ಅತ್ತೆ ತಲೆ ತಗ್ಗಿಸಿ "ಚೆನ್ನಾಗಿದೆ" ಎಂದರು. ಅವರಿಬ್ಬರ ಮೊದಲನೆಯ ಮಾತುಕತೆ ಇದು. ಆಮೇಲೆ ಕೆಂಪು ಮಾಸಿದಾಗೆಲ್ಲ ಮಾವ ಮತ್ತೆ ಕೆಂಪನ್ನೇ ಹೊಡೆಸಿದರು.

"ಒಂದ್ಸಲ ಆ ಬಣ್ಣದಾಗೆ ಮುಂದಿನ ಸೀಟಲ್ಲಿ ಕೂತು ಜಡೆಗೆ ಹೋಗಿ ಬರಬೇಕು ಕಣೇ," ಎಂದರು ಅತ್ತೆ. "ಆಮೇಲೆ ಗುಜರಿಗೆ ಹಾಕ್ಲಿ, ಚಿಂತಿಲ್ಲ."

ನನ್ನ ಮಟ್ಟಿಗೆ ಇಡೀ ಕೆಲಸದ ಅರ್ಥವೇ ಅವತ್ತು ಬದಲಾಯಿತು. ಅಷ್ಟು ದಿನ ಊರಿನವರ ಮುಂದೆ ಮೀಸೆ ತಿರುವಲು (ನನಗಿಲ್ಲದ ಮೀಸೆ) ಮಾಡುತ್ತಿದ್ದೆ. ಈಗ ಅತ್ತೆ ಬಾಯಿಬಿಟ್ಟು ಕೇಳಿದ ಒಂದೇ ಒಂದು ವಸ್ತುವನ್ನು ತಪ್ಪದೆ ಕೊಡಬೇಕಿತ್ತು.

ಮೊದಲು ಬಣ್ಣ ಹೊಡೆದಿದ್ದ ಸಾಬರ ಮಗ ಖಾದರ್ ಸಾಬರು ಈಗ ಸೊರಬದಲ್ಲಿ ತಗಡು ಬಡಿಯುವ, ಬಣ್ಣ ಹೊಡೆಯುವ ಶೆಡ್ಡು ಇಟ್ಟಿದ್ದಾರೆ. ಕಾರನ್ನು ಅಲ್ಲಿಗೆ ತಳ್ಳಿಸಿ "ಕೆಂಪೆಲ್ಲ ತೆಗೀರಿ, ಅಡಿಯಲ್ಲಿ ಏನಿದೆ ನೋಡಬೇಕು" ಎಂದೆ. ಹೀಗೆ ಹೇಳಿದೆನೆಂದು ನಾನು ಇವತ್ತಿಗೂ ವಾದಿಸುತ್ತೇನೆ. "ಎಲ್ಲ ತೆಗೀರಿ" ಎಂದಷ್ಟೇ ಹೇಳಿದಿರಿ ಎಂದು ಅವರ ವಾದ. ಮೂರು ದಿನ ಬಿಟ್ಟು ಹೋದರೆ ಕಾರು ಹೊಸ ಪಾತ್ರೆಯ ಹಾಗೆ ಮಿಂಚುತ್ತಿತ್ತು.

"ಒಂದು ಚುಕ್ಕಿ ಬಿಟ್ಟಿಲ್ಲ ಮೇಡಂರೇ. ಒಳಗಡೆ, ಅಡಿಗಡೆ, ಎಲ್ಲಾ ಉಜ್ಜೀನಿ," ಎಂದರು ಖಾದರ್ ಸಾಬರು ಹೆಮ್ಮೆಯಿಂದ.

"ಕೆಂಪಿನ ಅಡೀಲಿ ಯಾವ ಬಣ್ಣ ಇತ್ತು?"

ಅವರು ನೆಲದ ಮೇಲಿನ ಪುಡಿಯ ಕಡೆ ನೋಡಿದರು. ನಾನೂ ನೋಡಿದೆ. ರಾಗಿ ಹಿಟ್ಟಿನಂಥ ಪುಡಿ. ಅದರಲ್ಲಿ ಮೂಲ ಬಣ್ಣವೂ ಎಲ್ಲೋ ಇದ್ದೀತು.

ನನ್ನ ಪುಸ್ತಕದಲ್ಲಿ ಆ ಕಾರಿನ ಬಣ್ಣಗಳ ಹೆಸರುಗಳಿದ್ದವು. ಪುಸ್ತಕ ಮಾತ್ರ ಕಪ್ಪು ಬಿಳುಪು. ಮೊಬೈಲಿನಲ್ಲಿ ಚಿತ್ರ ತೋರಿಸಿದರೆ ಅತ್ತೆ ದೂರ ಹಿಡಿದು, ಹತ್ತಿರ ಹಿಡಿದು, "ಎಲ್ಲಾ ಮಂಜು ಮಂಜು ಕಣೇ" ಎಂದರು. ಆಗಲಾದರೂ ನನಗೆ ಹೊಳೆಯಬೇಕಿತ್ತು. ಹೊಳೆದದ್ದು ಬೇರೆಯೇ. ನಾವು ಹೆಂಗಸರು ಬಣ್ಣಕ್ಕೆ ಬಣ್ಣ ಕೂಡಿಸಲು ಎಲ್ಲಿಗೆ ಹೋಗುತ್ತೇವೆ? ಶಿಕಾರಿಪುರದ ಮ್ಯಾಚಿಂಗ್ ಸೆಂಟರಿಗೆ. ಲೋಕದಲ್ಲಿರುವ ಅಷ್ಟೂ ಬಣ್ಣಗಳ ರವಿಕೆ ಬಟ್ಟೆಗಳು ಅಲ್ಲಿ ಗೋಡೆ ತುಂಬ ನಿಂತಿರುತ್ತವೆ. ಅತ್ತೆಯನ್ನು ಕರೆದುಕೊಂಡು ಹೋದೆ.

"ಬರ್ರಿ ಮೇಡಂ. ಸೀರೆ ತೆಗೀರಿ," ಎಂದ ಅಂಗಡಿಯವನು.

"ಸೀರೆ ಇಲ್ಲಪ್ಪ. ಕಾರಿಗೆ ಮ್ಯಾಚಿಂಗ್."

ಅವನು ಬಾಗಿಲಾಚೆ ಇಣುಕಿದ. "ಕಾರು ತಂದೀರೇನ್ರಿ?"

"ಕಾರಿಗೆ ಈಗ ಬಣ್ಣ ಇಲ್ಲ."

ಪಾಪ, ನನ್ನ ಶಿಷ್ಯನೇ. ಪಾಠದ ಹೊತ್ತಿನಲ್ಲಿ ಅರ್ಥವಾಗದಿದ್ದರೆ ಹೇಗೆ ತಲೆಯಾಡಿಸುತ್ತಿದ್ದನೋ ಹಾಗೆಯೇ ತಲೆಯಾಡಿಸಿ ನೀಲಿಗಳನ್ನು ಬಿಚ್ಚತೊಡಗಿದ. ಅತ್ತೆ ಸ್ಟೂಲಿನ ಮೇಲೆ ಕೂತು ಒಂದೊಂದನ್ನೇ ಮುಟ್ಟಿ, "ಇದು ಮಾಸಿದೆ", "ಇದು ಹಳದಿ ಹೊಡೀತದೆ", "ಇದಕ್ಕೆ ಜೀವ ಇಲ್ಲ" ಎಂದು ಸರಿಸುತ್ತ ಹೋದರು. ಬೆಟ್ಟದಷ್ಟು ಬಟ್ಟೆ ಬಿತ್ತು. ಕೊನೆಗೆ ಅವರ ಕೈ ಒಂದರ ಮೇಲೆ ನಿಂತಿತು. ಮುಖ ಅರಳಿತು. "ಇದೇ ಕಣೇ!"

ಅದು ನೀರು ತುಂಬಿಡುವ ಪ್ಲಾಸ್ಟಿಕ್ ಡ್ರಮ್ಮಿನ ನೀಲಿ.

"ಅತ್ತೆ, ಪಂಚೆಗೆ ಒಂದು ಚೂರು ಅಂದಿದ್ರಿ. ಇದು ಡಬ್ಬಿಗೆ ಡಬ್ಬೀನೇ ಸುರಿದ ಹಾಗಿದೆ."

"ನೋಡಿದ್ದು ನಾನಾ, ನೀನಾ?"

ಬಟ್ಟೆ ಕತ್ತರಿಸಿಕೊಂಡು ಬಂದು ಖಾದರ್ ಸಾಬರಿಗೆ ಒಂದು ಚೂರು ಕೊಟ್ಟೆ. ಅವರು ಬಿಸಿಲಿಗೆ ಹಿಡಿದು, ನನ್ನ ಮುಖ ನೋಡಿ, ಮತ್ತೆ ಬಿಸಿಲಿಗೆ ಹಿಡಿದು "ಇಂಗ್ಲಿಷ್ನೋರು ಇಂಥಾ ಬಣ್ಣ ಹೊಡೀತಿದ್ರಾ?" ಎಂದರು. ನಾನು ಅತ್ತೆಯ ಪರ ವಹಿಸಿ ಇಂಗ್ಲಿಷರ ಅಭಿರುಚಿಯ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ಆ ಜನರನ್ನು ಅಷ್ಟು ಅನ್ಯಾಯವಾಗಿ ಬಯ್ದಿದ್ದಕ್ಕೆ ಈಗ ನಾಚಿಕೆಯಾಗುತ್ತದೆ.

ಬಣ್ಣ ಹೊಡೆದಾಯಿತು. ಅತ್ತೆ ಬಂದು ನೋಡಿ ಮಗುವಿನ ಹಾಗೆ ಖುಷಿಪಟ್ಟರು. ಹತ್ತಿ ಎಂದರೆ ಮಾತ್ರ ಒಪ್ಪಲಿಲ್ಲ. ಮುಂದಿನ ವಾರ ಶಿವಮೊಗ್ಗದಲ್ಲಿ ಎರಡೂ ಕಣ್ಣಿನ ಪೊರೆ ತೆಗೆಯುವುದು ಶುರುವಾಗಲಿತ್ತು, ಒಂದಾದ ಮೇಲೆ ಒಂದು. "ಅದಾಗ್ಲಿ. ಸರಿಯಾಗಿ ಕಣ್ತುಂಬ ನೋಡ್ಕಂಡು ಕೂರ್ತೀನಿ," ಎಂದರು.

ಪೊರೆ! ಓದುಗರೇ, ಒಂಬತ್ತನೇ ಕ್ಲಾಸಿಗೆ ಬೆಳಕು, ಮಸೂರ, ಕಣ್ಣು ಎಂದು ವರ್ಷಾವರ್ಷ ಗಂಟಲು ಹರಿದುಕೊಂಡವಳು ನಾನು. ಪೊರೆ ಬಂದ ಕಣ್ಣೆಂದರೆ ಹಳದಿ ಗಾಜಿನ ಹಿಂದೆ ಕೂತ ಹಾಗೆ. ತಿಳಿನೀಲಿ ಅದರೊಳಗಿಂದ ಕೊಳೆಯಾಗಿ ಕಾಣುತ್ತದೆ. ನೆನಪಿನಲ್ಲಿರುವ ನೀಲಿ ಕಾಣಬೇಕಾದರೆ ಡ್ರಮ್ಮಿನ ನೀಲಿಯೇ ಬೇಕು. ಇದನ್ನು ಪರೀಕ್ಷೆಯಲ್ಲಿ ಕೇಳಿದ್ದರೆ ನಮ್ಮ ಕ್ಲಾಸಿನ ಕಟ್ಟಕಡೆಯ ಬೆಂಚಿನವನೂ ಬರೆಯುತ್ತಿದ್ದ. ನನಗೆ ಹೊಳೆದದ್ದು ಎರಡನೆಯ ಕಣ್ಣಿನ ಪಟ್ಟಿ ಬಿಚ್ಚಿದ ಮರುದಿನ, ಅತ್ತೆ ತಮ್ಮ ಮನೆಯನ್ನು ನೋಡತೊಡಗಿದಾಗ.

"ಈ ಗೋಡೆ ಇಷ್ಟು ಕೊಳೆನಾ?" ಎಂದರು. "ರಘು, ನಿನ್ನ ಹಲ್ಲಿಗೆ ಎಂತದೋ ಅದು?" ಎಂದರು. ಕನ್ನಡಿ ನೋಡಿ "ಅಯ್ಯೋ ಶಿವನೇ, ಇದ್ಯಾರು?" ಎಂದರು. ನನ್ನ ಹಣೆಯ ಮೇಲಿನ ಕೂದಲಿಗೆ ಹಚ್ಚಿದ್ದ ಬಣ್ಣ ಎಲ್ಲಿ ಮುಗಿಯುತ್ತದೆಂದು ಬೆರಳಿಟ್ಟು ತೋರಿಸಿದರು. ಎರಡು ದಿನ ಮನೆಯಲ್ಲಿ ಯಾರಿಗೂ ನೆಮ್ಮದಿಯಿರಲಿಲ್ಲ.

ಡಾಕ್ಟರು ಓಡಾಡಬಹುದು ಎಂದ ಮೇಲೆ ಅವರನ್ನು ಖಾದರ್ ಸಾಬರ ಶೆಡ್ಡಿಗೆ ಕರೆದುಕೊಂಡು ಹೋದೆ. ಬಿಸಿಲಲ್ಲಿ ಕಾರು ನಿಂತಿತ್ತು. ಗೋಡೆ, ಹಲ್ಲು, ಕೂದಲು ಯಾವುದನ್ನೂ ಬಿಡದ ಅತ್ತೆ ಕಾರಿನ ಮುಂದೆ ಒಂದು ಗಳಿಗೆ ನಿಂತು, ಒಂದೇ ಮಾತು ಹೇಳಿದರು.

"ಚೆನ್ನಾಗಿದೆ."

ಖಾದರ್ ಸಾಬರು ಖುಷಿಯಿಂದ ಬಾಗಿಲು ತೆರೆದು ಸೀಟು ಒರೆಸಿದರು. ಅತ್ತೆ ಹತ್ತಲು ಕಾಲೂ ಎತ್ತಿದರು. ಸುಮ್ಮನಿದ್ದಿದ್ದರೆ ಅಲ್ಲಿಗೆ ಎಲ್ಲ ಸುಸೂತ್ರವಾಗಿ ಮುಗಿಯುತ್ತಿತ್ತು, ನನ್ನ ದಡ್ಡತನವೂ ಮುಚ್ಚಿಹೋಗುತ್ತಿತ್ತು. ಆದರೆ ಸುಮ್ಮನಿರಲು ಆಗಲಿಲ್ಲ.

"ಅತ್ತೆ, ಇದೇನಾ?"

"ಚೆನ್ನಾಗಿದೆ ಅಂದ್ನಲ್ಲೇ."

"ಚೆನ್ನಾಗಿದೆಯಾ ಅಂತ ನಾನು ಕೇಳ್ಲಿಲ್ಲ. ಅವತ್ತು ನೋಡಿದ್ದು ಇದೇನಾ ಅಂತ ಕೇಳ್ದೆ."

ಅತ್ತೆ ಎತ್ತಿದ ಕಾಲನ್ನು ಕೆಳಗಿಟ್ಟರು. ಸೆರಗು ಸರಿಮಾಡಿಕೊಂಡರು. "ಅಲ್ಲ ಕಣೇ," ಎಂದರು, ಯಾರೋ ಬಯ್ಯುತ್ತಾರೆನ್ನುವ ಹಾಗೆ ಮೆಲ್ಲಗೆ. "ಆರಿಸಿದ್ದು ನಾನೇ. ಖಾದರ ಇಷ್ಟು ಕಷ್ಟಪಟ್ಟಿದಾನೆ. ಯಾವ ಬಾಯಲ್ಲಿ ಬೇಡ ಅನ್ಲಿ? ಕೆಂಪಿಗೂ ಹಿಂಗೇ ಆಯ್ತು ನೋಡು. ನಿಮ್ಮ ಮಾವಂಗೆ ಕೆಂಪು ಅಂದ್ರೆ ಪ್ರಾಣ. ಚೆನ್ನಾಗಿದೆ ಅನ್ನದೆ ಇನ್ನೆಂತ ಅಂತಿದ್ದೆ?"

ಖಾದರ್ ಸಾಬರು ಒರೆಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟರು.

"ಯಾರಿಗಮ್ಮಾ ಪ್ರಾಣ? ಸಾಹುಕಾರ್ರಿಗಾ?"

"ಮತ್ತಿನ್ಯಾರಿಗೆ?"

"ಅವರಿಗೆ ಕೆಂಪು ಕಂಡ್ರೆ ಆಗ್ತಿರ್ಲಿಲ್ಲ ಅಮ್ಮಾರೇ. ಅಪ್ಪ ಎಷ್ಟು ಸಲ ಹೊಡೆದ್ರೋ, ನಾನೇ ಮೂರು ಸಲ ಹೊಡ್ದೀನಿ. ಡಬ್ಬಿ ಮುಚ್ಚಳ ತೆಗೆದ ಕೂಡ್ಲೆ ಆಚೆ ಹೋಗಿ ನಿಲ್ತಿದ್ರು. ಬೇರೆ ಹೊಡೀಲಾ ಸಾಹುಕಾರ್ರೆ ಅಂದ್ರೆ, 'ಬೇಡ ಮಾರಾಯ, ಅವ್ಳಿಗೆ ಕೆಂಪೇ ಇಷ್ಟ, ಮದುವೆ ದಿವಸನೇ ಬಾಯಿಬಿಟ್ಟು ಹೇಳಿದಾಳೆ' ಅಂತಿದ್ರು. ಈ ಸಲ ನಿಮಗೇ ಕೆಂಪು ಸಾಕಾಗೈತೆ ಅಂತ ನಾನು ಸುಮ್ನಾದೆ."

ಅತ್ತೆ ಅಲ್ಲೇ ಇದ್ದ ಹಳೆಯ ಟೈರಿನ ಮೇಲೆ ಕೂತುಬಿಟ್ಟರು. ಮೊದಲು ಭುಜ ಕುಣಿಯಿತು. ನಗುತ್ತಿದ್ದಾರೆ ಎಂದುಕೊಂಡೆ, ನಗುತ್ತಲೇ ಇದ್ದರು. "ಐವತ್ತು ವರ್ಷ," ಎಂದರು, "ಇಬ್ರಿಗೂ ಬೇಡದ ಬಣ್ಣದಾಗೆ ಊರೆಲ್ಲ ತಿರುಗಿದ್ವೇನೋ ಖಾದರ!" ಆಮೇಲೆ ಸೆರಗು ಕಣ್ಣಿಗೆ ಹೋಯಿತು. ನನಗೆ ಅವರನ್ನು ತಬ್ಬಿಕೊಳ್ಳಬೇಕೆನಿಸಿತು. ಆದರೆ ಬಾಯಿಂದ ಬಂದದ್ದು "ಕಣ್ಣು ಉಜ್ಜಬೇಡಿ ಅತ್ತೆ, ಡಾಕ್ಟರು ಹೇಳಿದಾರೆ" ಎಂಬ ಮಾತು. ಮಾವನ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು, ಮರುಗಳಿಗೆಯಲ್ಲೇ ಅಷ್ಟೇ ಅಕ್ಕರೆ.

ಈ ಸಲ ಯಾವ ಅಂಗಡಿಗೂ ಹೋಗಲಿಲ್ಲ. ಖಾದರ್ ಸಾಬರು ಒಂದು ಬಕೆಟ್ಟಿನಲ್ಲಿ ಬಿಳಿ ಬಣ್ಣ ಸುರಿದು, ಕಡ್ಡಿಯಿಂದ ನೀಲಿಯನ್ನು ತೊಟ್ಟು ತೊಟ್ಟಾಗಿ ಬಿಡುತ್ತ ಕಲಸಿದರು. ಅತ್ತೆ ಪಕ್ಕದಲ್ಲಿ ಕೂತು, ಬಟ್ಟೆಗೆ ನೀಲಿ ಹಾಕುವ ಹೆಂಗಸಿನ ಗತ್ತಿನಲ್ಲಿ "ಇನ್ನೊಂದು... ಇನ್ನೊಂದು... ಒಂಚೂರು ಕಪ್ಪು ಮುಟ್ಟಿಸು... ಸಾಕು!" ಎಂದರು. ಖಾದರ್ ಸಾಬರು ಕಡ್ಡಿಯನ್ನು ಮೇಲೆತ್ತಿ ನಿಂತರು. ನಿಜಕ್ಕೂ ಚೆಂದದ ಬಣ್ಣ. ಇಂಗ್ಲಿಷರ ಕ್ಷಮೆಯನ್ನು ನಾನು ಮನಸ್ಸಿನಲ್ಲೇ ಕೇಳಿಕೊಂಡೆ.

ಕಳೆದ ಭಾನುವಾರ ಬೆಳಗ್ಗೆ ಜಡೆಗೆ ಹೊರಟೆವು. ಸ್ಟಿಯರಿಂಗ್ ಹಿಡಿದದ್ದು ನಾನು. ಪಕ್ಕದಲ್ಲಿ ಅತ್ತೆ, ಕಪ್ಪು ಕನ್ನಡಕ ಹಾಕಿಕೊಂಡು, ಬಾಗಿಲಿನ ಮೇಲೆ ಮೊಣಕೈ ಊರಿ. ಊರು ದಾಟಿದ ಮೇಲೆ ಶುರುಮಾಡಿದರು.

"ನೀನು ಗೇರ್ ಹಾಕೋದು ನಂಗೆ ಸೇರಲ್ಲ."

ನಾನು ತಿರುಗಿ ನೋಡಿದೆ.

"ಮುಂದೆ ನೋಡ್ಕಂಡು ಹೊಡಿಯೇ. ನಿನ್ನ ಕಾಫಿಗೆ ಚಿಕೋರಿ ಜಾಸ್ತಿ. ಮೊದಲಿಂದ್ಲೂ ಜಾಸ್ತಿ. ನಿವೃತ್ತಿ ಆದಾಗ ಸೀರೆ ಕೊಟ್ಟಿದ್ಯಲ್ಲ, ಒಂದು ದಿನಾನೂ ಉಟ್ಟಿಲ್ಲ. ರಘೂಗೆ ಆ ಹೆಸರು ಇಡೋದು ಬೇಡ ಅಂತಿತ್ತು ನಂಗೆ. ನಿಮ್ಮಜ್ಜಿ ಮಾಡ್ತಿದ್ದ ಹಾಗಲಕಾಯಿ ಗೊಜ್ಜು ಹದಿನೆಂಟು ವರ್ಷ ತಿಂದೆ, ವಿಷ. ಉಪ್ಪಿಟ್ಟು ನಂಗೆ ಜನ್ಮದಲ್ಲೇ ಇಷ್ಟ ಇಲ್ಲ."

ಹೀಗೆ ಮೈಲಿಗಟ್ಟಲೆ ನಡೆಯಿತು. ಗದ್ದೆಯಲ್ಲಿದ್ದವರು ಎದ್ದು ನಿಂತು ಕಾರು ನೋಡಿದರು; ಅತ್ತೆ ಅವರತ್ತ ಕೈಬೀಸುತ್ತಲೇ ಬೇಡವಾದದ್ದನ್ನೆಲ್ಲ ಒಂದೊಂದಾಗಿ ಹೇಳುತ್ತ ಹೋದರು. ನನಗೆ ನಗು ತಡೆಯಲಾಗಲಿಲ್ಲ.

"ಅಲ್ಲ ಅತ್ತೆ, ಅರವತ್ತು ವರ್ಷದಲ್ಲಿ ಇಷ್ಟ ಆಗಿದ್ದು ಒಂದೂ ಇಲ್ವಾ?"

ಅವರು ಗಾಳಿಗೆ ಹಾರುತ್ತಿದ್ದ ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಅವರು ಇಷ್ಟ ಆಗಿದ್ರು ಕಣೇ," ಎಂದರು. "ಅದನ್ನೂ ಹೇಳ್ಲಿಲ್ಲ ನೋಡು."